ಇಲ್ಲದ ಮಧ್ಯಾಹ್ನ

ನಾನು ಕೊಂದದ್ದು ಒಂದೇ ಅಕ್ಷರದಿಂದ. ಒಂದು 'ಕೈ', ಅದರ ಪಕ್ಕದಲ್ಲೊಂದು ಚುಕ್ಕೆ. ನಮ್ಮ ಪುಣೆಯಲ್ಲಿ ಸತ್ತವರ ಹೆಸರಿನ ಮುಂದೆ ಇವತ್ತಿಗೂ 'ಕೈ.' ಎಂದೇ ಬರೆಯುತ್ತಾರೆ, ಕೈಲಾಸವಾಸಿ ಎಂದು. ಗಂಡನಿರುವವಳಿಗೆ 'ಸೌ.', ಗಂಡ ಹೋದವಳಿಗೆ 'ಶ್ರೀಮತಿ', ಮದುವೆಯಾಗದವಳಿಗೆ 'ಕು.'. ಒಬ್ಬರ ಬದುಕನ್ನೆಲ್ಲ ಹೆಸರಿನ ಮುಂದಿನ ಒಂದಕ್ಷರದಲ್ಲಿ ಹೇಳಿ ಮುಗಿಸುವ ಜನ ನಾವು. ಕೈತಪ್ಪಿ 'ಕೈ.' ಬಿತ್ತು ಎಂದು ಹೇಳಬಹುದಿತ್ತು. ಹೇಳಿದೆ ಕೂಡ. ಆದರೆ ಅದು ಕೈತಪ್ಪಿದ್ದಲ್ಲ.

ನಾನು ಕೆಲಸ ಮಾಡುವ ಜಾಲತಾಣದ ಹೆಸರು 'ಪಾನೋಪಾನಿ'. ಪುಟಪುಟವೂ ಎಂದರ್ಥ. ಯಾರು ಬೇಕಾದರೂ ತಮ್ಮ ಪತ್ರಿಕೆಯನ್ನು ಅಲ್ಲಿ ಪ್ರಕಟಿಸಬಹುದು, ಯಾರು ಬೇಕಾದರೂ ಫೋನಿನಲ್ಲೇ ಪುಟ ತಿರುಗಿಸಿ ಓದಬಹುದು. ತಿರುಗಿಸಿದಾಗ ಸರ್ರೆಂದು ಕಾಗದದ ಸದ್ದು ಬೇರೆ ಬರುತ್ತದೆ. ಮುದುಕರಿಗೆ ಆ ಸದ್ದೆಂದರೆ ಪ್ರಾಣ. ದೀಪಾವಳಿ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಚಕ್ಕುಲಿ, ಆಕಾಶಬುಟ್ಟಿ, ವಿಶೇಷಾಂಕ, ಈ ಮೂರಿಲ್ಲದೆ ಇಲ್ಲಿ ಹಬ್ಬವಾಗುವುದಿಲ್ಲ. ಹೊಸ ವಿಶೇಷಾಂಕಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ನನ್ನ ಪಾಲಿಗೆ ಹಳೆಯವು: ಗ್ರಂಥಾಲಯಗಳ ಅಟ್ಟದಿಂದ, ರದ್ದಿ ಅಂಗಡಿಗಳಿಂದ ಬಂದ, ಜಿರಳೆ ತಿಂದು ಬಿಟ್ಟ ಸಂಚಿಕೆಗಳು. ಅವನ್ನು ಸ್ಕ್ಯಾನ್ ಮಾಡುವುದು, ಒಂದೊಂದು ಕಥೆಗೂ ಲೇಖಕರ ವಿವರ ತುಂಬುವುದು, ತಾಣಕ್ಕೆ ಏರಿಸುವುದು.

ವಿವರ ತುಂಬುವಲ್ಲೇ ಇದ್ದದ್ದು ಪೀಡೆ. ನಮ್ಮ ಸಂಪಾದಕಿ ವಿಭಾವರಿ ಪೇಂಡ್ಸೆ ಕಾನೂನು ಓದಿದವರು. ಅವರ ನಿಯಮ ಕಲ್ಲಿನ ಗೆರೆ. ಲೇಖಕರು ಬದುಕಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಬೇಕೇ ಬೇಕು. ಸತ್ತಿದ್ದರೆ ವಾರಸುದಾರರನ್ನು ಹುಡುಕಬೇಕು. ಸಿಗದಿದ್ದರೆ 'ವಾರಸುದಾರರು ದಯವಿಟ್ಟು ಸಂಪರ್ಕಿಸಿ' ಎಂದು ಕೆಳಗೊಂದು ಸಾಲು ಹಾಕಿ ಏರಿಸಬಹುದು. ಬದುಕಿರುವ ಲೇಖಕರಷ್ಟು ಕಾಟ ಲೋಕದಲ್ಲಿ ಬೇರೆ ಇಲ್ಲ ಸ್ವಾಮಿ. ಸಹಿಗೆಂದು ಹೋದರೆ ಎರಡು ಗಂಟೆ ಕೂರಿಸಿಕೊಂಡು ಅವತ್ತಿನ ಸಂಪಾದಕ ಹೇಗೆ ತಮ್ಮ ಕಥೆಯ ಕತ್ತು ಹಿಸುಕಿದ ಎಂದು ಹೇಳುತ್ತಾರೆ. ಏರಿಸಿದ ಮೇಲೆ ದಿನಕ್ಕೆ ಮೂರು ಸಲ ಫೋನು: ಎಷ್ಟು ಜನ ಓದಿದರು, ಆ ಅಲ್ಪವಿರಾಮ ತೆಗೆಯಿರಿ, ಈ ಚಿತ್ರ ಬೇಡ. ಸತ್ತವರು ಫೋನು ಮಾಡುವುದಿಲ್ಲ.

ಹೋದ ವರ್ಷ ಹಬ್ಬಕ್ಕೆ ಆರು ದಿನ ಇರುವಾಗ 'ಮೋಹರ' ಎಂಬ ಪತ್ರಿಕೆಯ ಎಪ್ಪತ್ತೊಂಬತ್ತರ ದೀಪಾವಳಿ ಸಂಚಿಕೆ ನನ್ನ ಮೇಜಿನ ಮೇಲಿತ್ತು. ಅದರಲ್ಲಿ 'ಸಾಕ್ಷರ' ಎಂಬ ಕಥೆ, ಬರೆದವರು ಸೌ. ಪ್ರಮೀಳಾ ಗದ್ರೆ. ಅತ್ತೆಮನೆಯಲ್ಲಿ ಓದು ಬರಹ ಬಾರದವಳಂತೆ ನಟಿಸುತ್ತ ಇಡೀ ಮನೆಯವರ ಪತ್ರಗಳನ್ನು ಕದ್ದು ಓದುವ ಸೊಸೆಯ ಕಥೆ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಕೊನೆಯಲ್ಲಿ ವಿಳಾಸವೂ ಇತ್ತು: ಗದ್ರೆ ವಾಡೆ, ಶನಿವಾರ ಪೇಟೆ. ನಮ್ಮ ಕಚೇರಿಯಿಂದ ನಡೆದರೆ ಹದಿನೈದು ನಿಮಿಷ. ಅಕ್ಟೋಬರಿನ ಬಿಸಿಲಿತ್ತು, ನೂರಾರು ಕಥೆ ಬಾಕಿ ಇತ್ತು, ನನಗೆ ಬೇಸರವಿತ್ತು. ನಲವತ್ತೈದು ವರ್ಷದ ಹಿಂದೆ ಬರೆದವರು ಈಗ ಎಲ್ಲಿರುತ್ತಾರೆ ಎಂದುಕೊಂಡೆ. 'ಸೌ.' ಅಳಿಸಿ 'ಕೈ.' ಎಂದು ಒತ್ತಿದೆ. ವಾರಸುದಾರರು ಸಿಕ್ಕಿಲ್ಲ ಎಂಬ ಚೌಕದಲ್ಲಿ ಗುರುತು ಹಾಕಿದೆ. ಹದಿನೈದು ನಿಮಿಷ ಉಳಿಸಲು ಒಬ್ಬ ಹೆಂಗಸನ್ನು ಸಾಯಿಸಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಇದನ್ನೆಲ್ಲ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ನಮ್ಮ ತಾಣದಲ್ಲಿ ಓದುಗರು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂಬ ಅಂಕಿ ಸಿಗುತ್ತದೆ. ಸತ್ತ ಲೇಖಕರ ಕಥೆಯ ಮೊದಲು ಅವರನ್ನು ಬಲ್ಲವರ ನಾಲ್ಕು ಸಾಲಿನ ನೆನಪು ಇದ್ದರೆ ಓದುಗರು ಆ ಪುಟದಲ್ಲಿ ಜಾಸ್ತಿ ನಿಲ್ಲುತ್ತಾರೆಂದು ವಿಭಾವರಿ ಕಂಡುಹಿಡಿದಿದ್ದರು. ಮಗಳೋ, ಗೆಳತಿಯೋ, ಶಿಷ್ಯನೋ ಬರೆದುಕೊಡಬೇಕು. ಪ್ರಮೀಳಾ ಗದ್ರೆಯವರಿಗೆ ಯಾರನ್ನು ತರಲಿ? ನಾನೇ ಬರೆದೆ, ನನ್ನದೇ ಹೆಸರು ಹಾಕಿ, ಮಕರಂದ ಖಾಂಬೇಟೆ ಎಂದು:

'ಪ್ರಮೀಳಾಕಾಕುವನ್ನು ನಾನು ಕೊನೆಯ ಸಲ ನೋಡಿದ್ದು ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಮಧ್ಯಾಹ್ನ. ಹೊರಗೆ ಸೋನೆ. ನನಗೆಂದು ಉಕಡ ಮಾಡಿದ್ದರು. ಬೆಳ್ಳುಳ್ಳಿಯ ಒಗ್ಗರಣೆ ಸಾಲದೆಂದು ಮೇಲೆ ಒಂದು ಚಮಚ ಹಸಿ ಎಣ್ಣೆ ತಾವೇ ಹಾಕಿ, ಆರೋ ಮೊದಲು ತಿನ್ನು ಎಂದರು. ಬರೆಯುವುದನ್ನು ಯಾಕೆ ಬಿಟ್ಟಿರಿ ಎಂದೆ. ಬಿಟ್ಟಿಲ್ಲ, ಕಾಗದಕ್ಕೆ ಇಳಿಸುವುದನ್ನಷ್ಟೇ ಬಿಟ್ಟೆ ಎಂದು ನಕ್ಕರು.'

ಅಕ್ಕಿಹಿಟ್ಟು ಮಜ್ಜಿಗೆಯ ಆ ಉಕಡ ನನ್ನ ತಾಯಿಯದು. ಹಸಿ ಎಣ್ಣೆಯೂ ಅವಳದೇ. ಮಾತು ಮಾತ್ರ ನನ್ನದು, ಚಿಕ್ಕಮ್ಮನನ್ನು ಕರೆದಂತೆ 'ಕಾಕು' ಎಂದ ಸಲಿಗೆಯೂ ನನ್ನದೇ. ಬರೆದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಯಿತು ಎಂದರೆ ನಂಬುತ್ತೀರಾ? ಅದಕ್ಕಿಂತ ಹೇಸಿಗೆ ಇನ್ನೇನಿದೆ!

ಕಥೆ ಓಡಿತು. ನಾಲ್ಕು ಸಾವಿರ ಜನ ಓದಿದರು. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ', 'ಇಂಥ ಲೇಖಕಿಯನ್ನು ಮರೆತೆವಲ್ಲ' ಎಂದು ನೂರಕ್ಕೆ ಮೇಲೆ ಒಕ್ಕಣೆಗಳು ಬಿದ್ದವು. ವಿಭಾವರಿ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮಕರಂದ, ನಿನ್ನ ಉಕಡ ಓದಿ ನಂಗ ನಮ್ಮಜ್ಜಿ ನೆನಪಾದಳಪಾ. ಹಿಂಗ ಬರಿಲಿಕ್ಕೆ ಬರ್ತದಂತ ಇಷ್ಟು ದಿನ ಯಾಕ ಮುಚ್ಚಿಟ್ಟಿದ್ದಿ?" ಎಂದರು.

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು. ನಿಜ ಹೇಳಬೇಕೆಂದರೆ ಆಗ ಅದು ವಿನಯವೇ ಆಗಿತ್ತು. ನಾಚಿಕೆ ಇನ್ನೂ ಬಂದಿರಲಿಲ್ಲ.

ಹಬ್ಬ ಮುಗಿದು ಕಚೇರಿ ತೆರೆದ ದಿನ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಗಂಟೆ ಹೊಡೆದಷ್ಟು ಸ್ಪಷ್ಟ.

"ಪಾನೋಪಾನಿ ಏನು?"

"ಹೌದ್ರಿ. ಯಾರು ಮಾತಾಡೋದು?"

"ನಾ ಕೈಲಾಸದಿಂದ ಮಾತಾಡ್ಲಿಕ್ಕತ್ತೀನಿ."

ಊರಿಗೆಲ್ಲ ಕೈಲಾಸ ಎಂಬ ಹೆಸರಿನ ಕಟ್ಟಡಗಳೇ. "ಯಾವ ಕೈಲಾಸರಿ? ಕೋಥ್ರೂಡದ ಕೈಲಾಸ ಸೊಸೈಟಿ ಏನು?" ಎಂದೆ.

"ಅಲ್ಲಪಾ, ಖರೇ ಖರೇ ಕೈಲಾಸ. ನೀವ ಕಳಿಸೀರಿ. ಇಲ್ಲೆ ಸಿಗ್ನಲ್ ಭಾಳ ಛಲೋ ಅದ. ನಾ ಪ್ರಮೀಳಾ ಗದ್ರೆ."

ಅವರು ನಗುತ್ತಿದ್ದರು. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಭಾವುಬೀಜದ ದಿನ, ನಮ್ಮ ತಾಣದಲ್ಲಿ 'ಕೈ.' ಓದಿದ ನಾಗಪುರದ ತಮ್ಮ ಅಳುತ್ತ ಮನೆಗೆ ಫೋನು ಮಾಡಿದನಂತೆ. "ಫೋನ್ ನಾನ ಎತ್ತಿದೆ. ಹಲೋ ಅಂದೆನಪಾ, ಅಂವಾ ನನ್ನ ದನಿ ಕೇಳಿ ಫೋನ್ ಒಗದು ದೇವರ ಮನ್ಯಾಗ ಹೋಗಿ ಕೂತನಂತ! ಇರ್ಲಿ. ಮಕರಂದ ಖಾಂಬೇಟೆ ಅಂಬೋರು ಅಲ್ಲೇ ಕೆಲಸಾ ಮಾಡ್ತಾರೇನು?"

"ನಾನೇರಿ..."

"ನೀನ ಏನು?" ದನಿ ಯಾಕೋ ಒಮ್ಮೆಲೇ ಮೆತ್ತಗಾಯಿತು. "ನಾಳೆ ಮನಿಗೆ ಬಾರಪಾ. ಒಂದರಿಂದ ನಾಲ್ಕು ಮಲಗಿರ್ತೀನಿ, ಆವಾಗ ಯಮ ಬಂದ್ರೂ ಬಾಗಿಲಾ ತೆಗಿಯಂಗಿಲ್ಲ. ನಾಲ್ಕೂವರಿಗೆ ಬಾ. ಮನಿ ನಿಂಗ ಗೊತ್ತದಲ್ಲ."

ನಿಂಗ ಗೊತ್ತದಲ್ಲ! ಆ ಮಾತಿನಲ್ಲಿ ಕೊಂಕು ಇದೆಯೋ ಎಂದು ಹುಡುಕಿದೆ. ಸಿಗಲಿಲ್ಲ.

ವಿಭಾವರಿಗೆ ಹೇಳಲೇಬೇಕಾಯಿತು. ಸ್ಕ್ಯಾನ್ ಮಾಡಿದ್ದನ್ನು ಯಂತ್ರ ಓದುವಾಗ 'ಸೌ.' ಹೋಗಿ 'ಕೈ.' ಆಗಿದೆ ಎಂದೆ. "ಈ ಯಂತ್ರ ಒಂದಿನ ನಮ್ಮನ್ನ ಜೇಲಿಗೆ ಹಾಕಸ್ತದ ನೋಡು" ಎಂದು ತಲೆ ಚಚ್ಚಿಕೊಂಡರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಅಲ್ಲೋ, ನೀ ಅವರ ಮನಿಗೆ ಹೋಗಿದ್ದಿ, ಉಕಡ ತಿಂದಿದ್ದಿ. ಅವರು ಇದ್ದಾರೋ ಇಲ್ಲೋ ನಿಂಗ ಗೊತ್ತಿರಲಿಲ್ಲೇನು?"

"ಮೂರು ವರ್ಷ ಆತಲ್ಲ ಮ್ಯಾಡಂ. ಹೋದ್ರು ಅಂತ ಯಾರೋ ಅಂದಿದ್ರು."

ಒಂದು ಸುಳ್ಳಿಗೆ ಒಡಹುಟ್ಟಿದವರು ಬಹಳ. 'ತಾಂತ್ರಿಕ ದೋಷಕ್ಕೆ ವಿಷಾದಿಸುತ್ತೇವೆ' ಎಂದೊಂದು ಸಾಲು ಹಾಕಿದೆವು. 'ಕೈ.' ತೆಗೆದು 'ಶ್ರೀಮತಿ' ಹಾಕಿದೆ; ಗಂಡ ಹೋಗಿ ಬಹಳ ವರ್ಷವಾಯಿತೆಂದು ಅವರೇ ಫೋನಿನಲ್ಲಿ ಅಂದಿದ್ದರು. ಇನ್ನು ನನ್ನ ನೆನಪಿನ ಟಿಪ್ಪಣಿ. ಅದನ್ನು ತೆಗೆದುಹಾಕಿದರೆ ಯಾಕೆ ಎಂದು ವಿಭಾವರಿ ಕೇಳುತ್ತಾರೆ. ಅದಕ್ಕೆ ಒಂದೇ ಒಂದು ಪದ ಬದಲಿಸಿದೆ. 'ಕೊನೆಯ ಸಲ ನೋಡಿದ್ದು' ಎಂದಿದ್ದಲ್ಲಿ 'ಹಿಂದಿನ ಸಲ ನೋಡಿದ್ದು' ಎಂದು ಮಾಡಿದೆ. ಸತ್ತವರ ಬಗ್ಗೆ ಹೇಳಿದ ಸುಳ್ಳು ಬದುಕಿರುವವರಿಗೂ ಸರಿಯಾಗಿ ಹೊಂದಿಕೊಂಡಿತು.

ಗದ್ರೆಯವರ ಆ ಹಳೆಯ ತೊಟ್ಟಿಮನೆ, ವಾಡೆ, ಕೆಡವಿ ಬಹಳ ವರ್ಷವಾಗಿತ್ತಂತೆ. ಅಲ್ಲೀಗ ಏಳು ಮಹಡಿಯ ಕಟ್ಟಡ. ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದವರು ಅವರ ಸೊಸೆ ಗೌತಮಿ, ಐವತ್ತರ ಆಸುಪಾಸಿನ ಬ್ಯಾಂಕಿನ ಹೆಂಗಸು.

"ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ," ಎಂದು ಹೇಳಿ, ದನಿ ತಗ್ಗಿಸಿ ಸೇರಿಸಿದರು. "ನೀವು ಬಂದದ್ದು ಛಲೋ ಆತು. ನಿಮ್ಮ ಮುಖಾ ನೋಡಿದ್ರರೆ ನೆನಪಾಗ್ತದೋ ನೋಡೋಣ."

ಯಾರಿಗೆ, ಏನು ನೆನಪಾಗಬೇಕು ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಒಳಗೆ ಕಾಲಿಟ್ಟ ಮೇಲೆ. ಫ್ರಿಜ್ಜಿನ ಮೇಲೆ, ಕಪಾಟಿನ ಮೇಲೆ, ಗೋಡೆಯ ಗಡಿಯಾರದ ಕೆಳಗೆ ಚೀಟಿಗಳು. 'ಹಾಲು ಬಂತು, ೬.೧೦.' 'ಬಿಪಿ ಗುಳಿಗೆ ತೊಗೊಂಡೆ, ಬಿಳಿಯದು.' 'ಎದುರು ಮನೆಯ ಕುಲಕರ್ಣಿ ವಹಿನಿ ಬಂದು ಹೋದರು, ಚಹಾ ಕೊಟ್ಟೆ.' ಅಚ್ಚಿನಂಥ ಅಕ್ಷರ, ಎಲ್ಲದರ ಮೇಲೂ ತಾರೀಖು, ಎಲ್ಲವೂ ಕಳೆದ ನಾಲ್ಕು ದಿನದವು.

ಪ್ರಮೀಳಾಕಾಕು ಊಟದ ಮೇಜಿನ ಮುಂದೆ ಕೂತಿದ್ದರು. ಸಣ್ಣ ದೇಹ, ಸೀರೆಯ ಮೇಲೆ ಸ್ವೆಟರು, ಮುಂದೆ ಪ್ರೂಫ್ ಹಾಳೆಗಳು, ಅಡಿಪಟ್ಟಿ, ಭೂತಗನ್ನಡಿ, ಕೆಂಪು ಪೆನ್ನು. ಎದ್ದು ನಿಂತು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹಣೆ, ಕನ್ನಡಕ, ಗಲ್ಲ, ಒಂದೊಂದನ್ನೂ ಹುಡುಕಿದರು. ಆಮೇಲೆ ಸೋತವರಂತೆ ಕೂತರು.

"ಕೂಡಪಾ. 'ಕೈ.' ಬಗ್ಗೆ ಮನಸ್ಸಿಗೆ ಹಚ್ಕೋಬ್ಯಾಡ. ನಾ ನಲವತ್ತು ವರ್ಷ ಪ್ರೂಫ್ ನೋಡೀನಿ. ಒಮ್ಮೆ ಒಬ್ಬ ಮಂತ್ರಿಯ ಹೆಂಡ್ತಿಗೆ 'ಸೌ.' ಬದಲಿ 'ಕು.' ಹೋಗಿಬಿಟ್ಟಿತ್ತು, ನಾಲ್ಕು ಮಕ್ಕಳ ತಾಯಿ! ಅಚ್ಚಿನಾಗ ಸಾಯೋದು ದೊಡ್ಡ ಮಾತಲ್ಲ, ಮುಂದಿನ ಸಂಚಿಕ್ಯಾಗ ಎದ್ದು ಬರಬಹುದು."

"ಕಾಕು, ನಂದು ತಪ್ಪಾತು..."

"ಅದಲ್ಲೋ. ಅದಕ್ಕ ನಾ ಕರದಿಲ್ಲ." ನನ್ನ ಟಿಪ್ಪಣಿಯನ್ನು ಯಾರಿಂದಲೋ ಕಾಗದದ ಮೇಲೆ ತೆಗೆಸಿದ್ದರು. ಅದನ್ನು ನನ್ನ ಮುಂದೆ ಸರಿಸಿದರು. ಸಾಲುಗಳ ಕೆಳಗೆ ಸೀಸದಕಡ್ಡಿಯ ಗೆರೆ. "ನೀ ಬಂದಿದ್ದು ನಂಗ ನೆನಪಿಲ್ಲ. ಏನೂ ನೆನಪಿಲ್ಲ. ನಿನ್ನ ಮುಖಾ ಸುದ್ದಾ ನೆನಪಿಲ್ಲ. ಮನಿಗೆ ಬಂದ ಮಗನ್ನ, ಕೈಯಾರೆ ಉಣಿಸಿದ ಮಗನ್ನ ಮರ್ತುಬಿಟ್ಟೆ. ಬ್ಯಾಸರಾ ಮಾಡ್ಕೋಬ್ಯಾಡಪಾ. ಅದನ್ನ ಹೇಳಲಿಕ್ಕೆ ಕರದೆ."

ನನ್ನ ಬಳಿ ಕ್ಷಮೆ ಕೇಳುತ್ತಿದ್ದರು!

ಗೌತಮಿ ನಿಂತಲ್ಲಿಂದ ಹೇಳಿದರು. "ಹಗಲೆಲ್ಲಾ ನಾ ಬ್ಯಾಂಕಿನ್ಯಾಗ ಇರ್ತೀನಿ, ಯಾರು ಬಂದು ಹೋಗ್ತಾರ ನಂಗ ಗೊತ್ತಾಗಂಗಿಲ್ಲ. ಅತ್ತಿ ಮೊದಲ ದಿನ ಯಾರೂ ಬಂದಿಲ್ಲ ಅಂತ ಹಟಾ ಹಿಡಿದ್ರು. ಇವರು ಬರದಾರಲ್ಲ, ಹಸಿ ಎಣ್ಣಿ ಸುದ್ದಾ ಬರದಾರಲ್ಲ ಅಂತ ನಾನ ಅಂದೆ. ಸೋಮವಾರ ಡಾಕ್ಟರ ಹತ್ರ ಹೊಂಟೀವಿ."

"ಅಕಿ ಮಾತು ಖರೇ ಅದ," ಎಂದರು ಕಾಕು. "ಅಚ್ಚಿನ ತಪ್ಪು ಹೆಂಗ ಆಗ್ತದ ಅಂತ ನಂಗ ಗೊತ್ತದ. ಅಕ್ಷರ ಬೀಳ್ತದ, ಸಾಲು ಬೀಳ್ತದ, ಒಬ್ಬರ ಹೆಸರು ಒಬ್ಬರಿಗೆ ಹೋಗ್ತದ. ಆದ್ರ ಇಲ್ಲದ ಮಧ್ಯಾಹ್ನ ಒಂದು ತಾನಾಗಿ ಹುಟ್ಟಂಗಿಲ್ಲ. ಹಸಿ ಎಣ್ಣಿ ನಾ ಹಾಕೋದು ಖರೇ. ಹಂಗ ಮಾತಾಡೋದೂ ನಾನ. ಅಂದ್ಮ್ಯಾಲೆ ನೀ ಬಂದಿದ್ದಿ. ನನ್ನ ತಲಿಯಾಗಿಂದ ಆ ಪುಟಾ ಹರಿದು ಹೋಗೇದ. ಇನ್ನ ಎಷ್ಟು ಹೋಗ್ಯಾವೋ ಯಾರಿಗೆ ಗೊತ್ತು."

ಈಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟರಲ್ಲಿ ಗೌತಮಿ ಒಳಗಿನಿಂದ ಬಟ್ಟಲು ತಂದು ನನ್ನ ಮುಂದಿಟ್ಟರು. ಬಿಸಿ ಬಿಸಿ ಉಕಡ, ಬೆಳ್ಳುಳ್ಳಿಯ ಘಮ. ಕಾಕು ಎಣ್ಣೆಯ ಮಿಳ್ಳೆ ಎತ್ತಿ ಒಂದು ಚಮಚ ಹಾಕಿದರು.

"ಆರೋ ಮೊದಲ ತಿನ್ನು," ಎಂದರು. ನನ್ನದೇ ಸಾಲನ್ನು ನನಗೇ ಹೇಳಿದರು. ಎರಡು ತುತ್ತು ತಿನ್ನುವುದನ್ನು ಕಾದು, ಮಗ್ಗಿ ಒಪ್ಪಿಸಿದ ಮಗುವಿನ ಹಾಗೆ ನನ್ನ ಮುಖ ನೋಡುತ್ತ ಕೇಳಿದರು: "ಹೋದ ಸಲಾನೂ ಹಿಂಗ ಇತ್ತೇನು?"

"ಹೌದು ಕಾಕು," ಎಂದೆ. "ಹಿಂಗ ಇತ್ತು."

ದೇವರೇ! ಬರೆದ ಸುಳ್ಳಿಗಾದರೂ ಕಾರಣ ಹೇಳಬಹುದು. ಬಾಯಲ್ಲಿ ಅವರ ಅನ್ನ ಇಟ್ಟುಕೊಂಡು ಆಡಿದ ಈ ಸುಳ್ಳಿಗೆ ಏನು ಹೇಳಲಿ?

ಅವರು ತಲೆಯಾಡಿಸಿ, ಪ್ರೂಫ್ ಹಾಳೆಗಳ ಕೆಳಗಿನಿಂದ ಒಂದು ಪತ್ರ ತೆಗೆದರು. ಇಪ್ಪತ್ತೆರಡು ವರ್ಷದಿಂದ ಅವರು ಒಂದು ಪಂಚಾಂಗದ ಕೊನೆಯ ಪ್ರೂಫ್ ನೋಡುತ್ತಿದ್ದರು. ತಿಥಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಮುಗಿಯುತ್ತದೆ, ಗ್ರಹಣ ಯಾವಾಗ ಹಿಡಿಯುತ್ತದೆ, ಎಲ್ಲ ಅವರ ಕಣ್ಣು ದಾಟಿಯೇ ಅಚ್ಚಿಗೆ ಹೋಗಬೇಕು.

"ಇದನ್ನೊಮ್ಮೆ ಓದು. ಬರದವರ ಕಣ್ಣಿಗೆ ತಮ್ಮ ತಪ್ಪು ಬೀಳಂಗಿಲ್ಲ. ಓದಿ, ಹೋಗೋ ದಾರ್‍ಯಾಗ ಪ್ರೆಸ್ಸಿಗೆ ಕೊಟ್ಟುಬಿಡು. ನಿಮ್ಮ ಕಚೇರಿ ಮಗ್ಗಲಿಗೇ ಅದ."

ಓದಿದೆ. 'ಮೂರು ವರ್ಷದ ಹಿಂದೆ ನನ್ನ ಮನೆಗೆ ಬಂದು ಉಂಡುಹೋದ ಒಬ್ಬರನ್ನು ನಾನು ಪೂರ್ತಿ ಮರೆತಿರುವುದು ಅಚ್ಚಾದ ಬರಹದಿಂದ ತಿಳಿದುಬಂದಿದೆ. ಇಂಥ ಬುದ್ಧಿಯನ್ನು ನಂಬಿ ಜನ ಏಕಾದಶಿ ಮಾಡಬಾರದು. ಈ ವರ್ಷದ ಹಾಳೆಗಳನ್ನು ಬೇರೆಯವರಿಗೆ ಕೊಡಿರಿ.' ಕೆಳಗೆ ಸಹಿ. ಒಂದು ಕಾಗುಣಿತವೂ ತಪ್ಪಿರಲಿಲ್ಲ.

"ತಪ್ಪು ಅದೇನು?" ಎಂದು ಕೇಳಿದರು.

"ಇಲ್ಲ ಕಾಕು. ಸರಿ ಅದ," ಎಂದೆ.

ಅವರು ವಿಳಾಸ ಬರೆದಿಟ್ಟಿದ್ದ ಲಕೋಟೆಗೆ ಪತ್ರ ಹಾಕಿ, ಜೇಬಿನಲ್ಲಿಟ್ಟುಕೊಂಡು ಇಳಿದೆ. ದಾರಿಯುದ್ದಕ್ಕೂ ನನಗೆ ನಾನೇ ನ್ಯಾಯ ಹೇಳಿಕೊಂಡೆ. ಎಂಬತ್ತನಾಲ್ಕು ವರ್ಷವಾಗಿದೆ, ಎಷ್ಟು ದಿನ ಅಂತ ದುಡಿಯುವುದು; ಸೊಸೆ ಒಳ್ಳೆಯವಳು, ನೋಡಿಕೊಳ್ಳುತ್ತಾಳೆ; ಡಾಕ್ಟರು ನೋಡಿದರೆ ತಪ್ಪೇನು. ಇಂಥ ಮಾತಿಗೆ ನನ್ನ ಬಳಿ ಯಾವತ್ತೂ ಬರವಿಲ್ಲ. ಪ್ರೆಸ್ಸಿನ ಕಟ್ಟೆಯ ಹಿಂದೆ ಕೂತಿದ್ದ ಮ್ಯಾನೇಜರ ಜೋಗಳೇಕರ ನನ್ನ ಕೈಯಲ್ಲಿದ್ದ ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಮುಖ ಅರಳಿಸಿದರು.

"ಗದ್ರೆಕಾಕು ಕಳಿಸ್ಯಾರೇನು? ಕೊಡ್ರಿ ಕೊಡ್ರಿ. ಹಾಳಿ ಮುಗದಿರಬೇಕು. ಆ ಮುದುಕಿ ಕಣ್ಣಾಗಿಂದ ದಾಟಿತಂದ್ರ ಸೂರ್ಯಾ ಸುದ್ದಾ ಹೇಳಿದ ಹೊತ್ತಿಗೆ ಮುಳಗ್ತಾನ್ರಿ!"

ಅವರು ಕೈ ಚಾಚಿದರು. ನಾನು ಲಕೋಟೆ ಹಿಂದಕ್ಕೆ ಎಳೆದುಕೊಂಡೆ. "ಬ್ಯಾರೆ ಲಕೋಟಿ ತಂದೀನ್ರಿ" ಎಂದೇನೋ ತೊದಲಿ ಹೊರಬಿದ್ದೆ. ಆ ಹೊತ್ತಿಗೆ ಒಳ್ಳೆಯವನಾಗಿಬಿಟ್ಟೆ ಎಂದುಕೊಳ್ಳಬೇಡಿ. ಆ ಮನುಷ್ಯನ ನಗು ಕಂಡು ತಡೆಯಲಾಗಲಿಲ್ಲ, ಅಷ್ಟೇ.

ಗೌತಮಿ ಮತ್ತೆ ಬಾಗಿಲು ತೆರೆದರು. "ಏನರೆ ಮರ್ತು ಹೋದ್ರೇನು?"

"ಇಲ್ರಿ. ಯಾರೂ ಏನೂ ಮರ್ತಿಲ್ಲ."

ಕಾಕುವಿನ ಮುಂದೆ ಹೊಸ ಚೀಟಿಯೊಂದಿತ್ತು: 'ಮಕರಂದ ಖಾಂಬೇಟೆ ಬಂದಿದ್ದ, ಉಕಡ ತಿಂದ, ೪.೪೦.' ಆ ಚೀಟಿ ಓದಿದೆ. ನಿಂತೇ ಹೇಳಿದೆ, ಒಂದೇ ಉಸಿರಿಗೆ. ಇವತ್ತಿಗಿಂತ ಮೊದಲು ಈ ಮನೆಯ ಮೆಟ್ಟಿಲು ಹತ್ತಿಲ್ಲ. ಉಕಡ ನನ್ನ ತಾಯಿಯದು. ಯಂತ್ರದ ತಪ್ಪಲ್ಲ, 'ಕೈ.' ಒತ್ತಿದ್ದು ನಾನೇ, ಬಿಸಿಲಿಗೆ ಬರಲು ಬೇಸರವಾಗಿ. ಎಲ್ಲ ಹೇಳಿದೆ.

ಬೈಗುಳಕ್ಕೆ ತಯಾರಾಗಿದ್ದೆ. ಕೆನ್ನೆಗೆ ಬಿದ್ದರೂ ಸರಿ ಎಂದುಕೊಂಡಿದ್ದೆ, ಬೀಳಲಿ ಎಂದೇ ಬೇಡಿಕೊಂಡಿದ್ದೆ. ಆದರೆ ಕಾಕುವಿನ ಮುಖ ಬೆಳಗಿತು. ಎರಡೂ ಕೈಯಿಂದ ಮೇಜು ಹಿಡಿದು ಎದ್ದರು.

"ನೀ ಬಂದಿದ್ದಿಲ್ಲ?"

"ಇಲ್ಲ ಕಾಕು."

"ಒಮ್ಮೆನೂ ಇಲ್ಲ?"

"ಒಮ್ಮೆನೂ ಇಲ್ಲ."

"ಗೌತಮಿ! ನಾ ಮರ್ತಿಲ್ಲಾ! ಕೇಳಿದೇನ, ನಾ ಮರ್ತಿಲ್ಲ! ಈ ಮಗಾ ಸುಳ್ಳ ಬರದಾನ!" ಎಂದು ಕೂಗಿದರು. ಎದುರು ಮನೆಯ ಬಾಗಿಲು ತೆರೆಯಿತು. "ಕುಲಕರ್ಣಿ ವಹಿನಿ, ನನ್ನ ತಲಿ ಸರಿ ಅದರೀ! ಇಂವಾ ಬಂದ ಇರಲಿಲ್ಲ!" ಎಂದು ಅವರಿಗೂ ಹೇಳಿದರು. ಅಳುತ್ತಿದ್ದರು, ನಗುತ್ತಿದ್ದರು. ಫ್ರಿಜ್ಜಿನ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕಿತ್ತರು. ಹಾಲಿನದು, ಗುಳಿಗೆಯದು, ಚಹಾದ್ದು. ನಾಲ್ಕು ದಿನ ಆ ಜೀವ ತನ್ನ ಮೇಲೆ ತಾನೇ ಪಹರೆ ಹಾಕಿಕೊಂಡು ಕೂತಿತ್ತು, ನನ್ನ ನಾಲ್ಕು ಚೆಂದದ ಸಾಲಿಗಾಗಿ. ಅವರ ಸಂತೋಷವನ್ನು ನನ್ನಿಂದ ನೋಡಲಾಗಲಿಲ್ಲ. ನೆಲ ನೋಡುತ್ತ ನಿಂತೆ.

ಗೌತಮಿ ಮಾತ್ರ ಹೇಳಬೇಕಾದ್ದನ್ನು ಹೇಳಿದರು. "ನಾಚಿಕಿ ಆಗಬೇಕ್ರಿ ನಿಮಗ. ನಾನೂ ನಿಮ್ಮ ಮಾತು ಕಟ್ಟಿಕೊಂಡು ಅತ್ತಿನ್ನ ಸುಳ್ಳಿ ಮಾಡಿದೆ." ಆಮೇಲೆ ಆ ಮಾತು ಅವರಿಗೇ ತಾಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಕಾಕು ಕೂತು ಸುಧಾರಿಸಿಕೊಂಡರು. ಕನ್ನಡಕ ಒರೆಸಿ ಹಾಕಿಕೊಂಡರು. ಈಗ ಅವರು ಬೇರೆಯೇ ಆಗಿದ್ದರು: ನಲವತ್ತು ವರ್ಷ ಸಂಪಾದಕರನ್ನೂ ಅಚ್ಚುಮೊಳೆ ಜೋಡಿಸುವವರನ್ನೂ ನಡುಗಿಸಿದ ಹೆಂಗಸು.

"ಕೂಡು. ಹಾಳಿ ತೊಗೊ. ಶುದ್ಧಿಪತ್ರ ಬರಿ. ಅಚ್ಚಾದ್ದನ್ನ ಅಚ್ಚಿನಾಗ ತಿದ್ದಬೇಕು. ಇಲ್ಲೆ ಬಂದು ಅತ್ತರ ಓದಿದವರಿಗೆ ಹೆಂಗ ತಿಳೀಬೇಕು?"

ಬರೆದೆ: 'ತಾಂತ್ರಿಕ ದೋಷದಿಂದ ಹಾಗೂ ಅನವಧಾನದಿಂದ...'

ಕೆಂಪು ಪೆನ್ನು ಬಂತು. ಅಳಿಸು ಎಂಬುದಕ್ಕೆ ಪ್ರೂಫಿನವರು ಹಾಕುವ ಬಾಲದ ಸುಳಿ ಬಿತ್ತು. "ಯಂತ್ರಕ್ಕ ಯಾಕ ಬೈತಿ? ಅದಕ್ಕ ತಿರುಗಿ ಬೈಲಿಕ್ಕೆ ಬರಂಗಿಲ್ಲ ಅಂತೇನು?"

'ನೆನಪಿನ ದೋಷದಿಂದ' ಎಂದು ಬರೆದೆ. ಮತ್ತೆ ಸುಳಿ. "ನನ್ನ ನೆನಪು ಸರಿ ಇತ್ತು. ನಿಂದೂ ಸರಿ ಇತ್ತು. ನೆನಪಿನ ಮ್ಯಾಲೆ ಹಾಕಬ್ಯಾಡ."

'ಮೇಲಿನ ಭೇಟಿ ಕಲ್ಪಿತ' ಎಂದೆ. ಈ ಸಲ ಪೆನ್ನು ತಡೆದು ನಿಂತಿತು. ಅವರು ನನ್ನನ್ನು ನೋಡಿದ ನೋಟದಲ್ಲಿ ಮೊದಲ ಸಲ ಸಿಟ್ಟಿತ್ತು. "ಕಲ್ಪನಾ ಅಂದ್ರ ನಾವು ಕಥಿ ಬರಿಯೋರು ಮಾಡೋದು. ಕಥಿ ಅಂತ ಹೇಳೇ ಬರೀತೀವಿ. ಆ ಶಬ್ದಾ ನಿನಗ ಸೇರಿದ್ದಲ್ಲ. ಸಣ್ಣ ಶಬ್ದ ಒಂದದ, ನಿಂಗ ಗೊತ್ತದ. ಅದನ್ನ ಬರಿ."

ಬರೆದೆ. 'ಶ್ರೀಮತಿ ಪ್ರಮೀಳಾ ಗದ್ರೆಯವರನ್ನು ನಾನು ಆ ಟಿಪ್ಪಣಿ ಬರೆಯುವ ಮೊದಲು ನೋಡಿರಲಿಲ್ಲ. ಅವರು ಸತ್ತಿದ್ದಾರೆಂದು ಬರೆದದ್ದು ನಾನೇ. ಶ್ರಾವಣದ ಮಧ್ಯಾಹ್ನ,  ಉಕಡ, ಅವರು ಆಡಿದ ಮಾತು, ಎಲ್ಲ ಸುಳ್ಳು. ಮಕರಂದ ಖಾಂಬೇಟೆ.'

ಭೂತಗನ್ನಡಿ ಹಿಡಿದು ಓದಿದರು. 'ಮಧ್ಯಾಹ್ನ' ಆದಮೇಲೆ ಜಾಗ ಜಾಸ್ತಿ ಬಿಟ್ಟಿದ್ದಕ್ಕೆ ಒಂದು ಗುರುತು ಹಾಕಿದರು. ಬೇರೆ ತಿದ್ದಲಿಲ್ಲ. ನನ್ನ ಜೇಬಿನಿಂದ ತಮ್ಮ ಪತ್ರ ಕೇಳಿ ಪಡೆದು ನಾಲ್ಕು ತುಂಡು ಮಾಡಿದರು. ಪಂಚಾಂಗದ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು, ನಾನು ಅಲ್ಲಿ ಇಲ್ಲವೇನೋ ಎಂಬಂತೆ ಏಕಾದಶಿಯ ಸಾಲಿಗೆ ಬಗ್ಗಿದರು. ನಾನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ದನಿ ಬಂತು.

"ಏ ಖಾಂಬೇಟೆ. ಇವತ್ತು ನೀ ಬಂದಿದ್ದಿ, ಉಕಡ ತಿಂದಿ, ಹೋದ ಸಲಾನೂ ಹಿಂಗ ಇತ್ತು ಅಂದಿ. ಇದನ್ನ ನಾ ಮರಿಯಂಗಿಲ್ಲ."

ಮರುದಿನ ಬೆಳಿಗ್ಗೆ ಶುದ್ಧಿಪತ್ರವನ್ನು ವಿಭಾವರಿಯ ಮುಂದಿಟ್ಟೆ. ಅವರು ಎರಡು ಸಲ ಓದಿದರು, 'ಏರಿಸು' ಎಂದು ಮೂಲೆಯಲ್ಲಿ ಬರೆದು ಹಾಳೆ ವಾಪಸು ಕೊಟ್ಟರು. ಆಮೇಲೆ ನನ್ನ ಕೈಗೆ ಲೇಖಕರ ವಿವರ ತುಂಬುವ ಕೆಲಸ ಬರಲಿಲ್ಲ. ಈಗ ಸ್ಕ್ಯಾನ್ ಮಾತ್ರ ಮಾಡುತ್ತೇನೆ. 'ಸಾಕ್ಷರ' ಕಥೆಯ ಮೊದಲ ಪುಟದಲ್ಲಿ ಆ ಶುದ್ಧಿಪತ್ರ ಇವತ್ತಿಗೂ ಇದೆ, ಯಾರು ಬೇಕಾದರೂ ಓದಬಹುದು. ಎಲ್ಲ ಪುಟಗಳ ಅಂಕಿಯನ್ನೂ ನಾನು ದಿನಾ ತೆಗೆದು ನೋಡುತ್ತೇನೆ. ಅದೊಂದು ಪುಟದಲ್ಲಿ ಯಾರು ಎಷ್ಟು ಹೊತ್ತು ನಿಂತರು ಎಂದು ಈವರೆಗೂ ನೋಡಿಲ್ಲ.